ಸೇತುವೆಗೆ ಸ್ಟೇಜಿಲ್ಲ

ಹತ್ತೊಂಬತ್ತು ವರ್ಷ, ದಿನಕ್ಕೆರಡು ಸಲ
ಈ ಹೊಳೆಗಳ ತಲೆಯ ಮೇಲೆ ಹಾದಿದ್ದೇನೆ,
ಬೆರಳ ಸಂದಿಯಲ್ಲಿ ಉದ್ದಕ್ಕೆ ಮಡಿಸಿದ ನೋಟು,
ಕಂಕುಳಲ್ಲಿ ಚರ್ಮದ ಚೀಲ.
ಕುಮುದ್ವತಿ ಅಂದರೆ ನನಗೆ
ಆಯನೂರು ದಾಟಿ ಚಿಲ್ಲರೆ ಎಣಿಸುವ ಹೊತ್ತು.
ಹರಿದ್ರಾವತಿ ಅಂದರೆ
ನಿಂತವರೆಲ್ಲ ಒಟ್ಟಿಗೆ ಎಡಕ್ಕೆ ವಾಲುವ ತಿರುವು.
ಶರಾವತಿ? ತೂಕಡಿಕೆ.

ಕಾರ್ತೀಕ ಕಳೆದು ನೀರು ತಿಳಿಯಾದಾಗ
ಒಂದು ಮಂಗಳವಾರ ಇಳಿಯಬೇಕು ಅಂತ,
ಗಾಳ ಹಾಕಬೇಕು ಅಂತ
ಬಾಯಿಂದ ಬಿದ್ದದ್ದು ಡ್ರೈವರ್ ಬುಡೇನ್ ಸಾಬರ ಮುಂದೆ,
ರಿಪ್ಪನ್‌ಪೇಟೆಯಲ್ಲಿ ಅವಲಕ್ಕಿ ತಿನ್ನುವಾಗ.
ಅವರು ನಗಲಿಲ್ಲ. "ಯಾವ ಸೇತುವೆ?" ಅಂದರು.
"ಸೆಕೆಂಡ್ ಗೇರಿನದೋ, ಥರ್ಡಿನದೋ?"

ಟ್ರಿಪ್‌ಶೀಟಿನ ಹಿಂಬದಿಗೆ ಬರೆದುಕೊಂಡೆ:
ಬಿದಿರುಗಳ ಎರಡು. ನೂಲು. ಬೆಂಡು.
ಎರೆಹುಳಕ್ಕೆ ಕರಟ. ಬುತ್ತಿ.
ಅದರ ಕೆಳಗೆ ಹೆಂಡತಿಯ ಅಕ್ಷರ: ಉಪ್ಪಿನಕಾಯಿ,
ಮೀನು ಸಿಗದಿದ್ದರೆ.

ಮೀನು ಮಾರ್ಕೆಟ್ಟಿನ ದುಗ್ಗಮ್ಮ ಶೀಟಿನ ಕಡೆ ನೋಡಲಿಲ್ಲ.
ಹುರುಪೆ ಕೆರೆಯುತ್ತಲೇ ಕೇಳಿದಳು:
"ತಳ ಏನು? ಕಲ್ಲೋ, ಮರಳೋ, ಕೆಸರೋ?
ಮಡು ಯಾವ ದಡಕ್ಕೆ?
ಅತ್ತಿಮರ ಇದ್ಯಾ, ಹಣ್ಣು ನೀರಿಗೇ ಬೀಳೋ ಹಂಗೆ?"
ಗೊತ್ತಿದ್ದದ್ದು ಹೇಳಿದೆ:
ಸೇತುವೆಯ ಉದ್ದ, ಬಲಗಡೆಯ ಮುರಿದ ಕಂಬ,
ಹೆಸರಿನ ಬೋರ್ಡಿನಲ್ಲಿ ಬಿದ್ದುಹೋದ ಕೊಂಬು.
ಅವಳು ಕತ್ತಿ ತೊಳೆದಳು.
"ಹೆಣ್ಣು ನೋಡಕ್ಕೆ ಹೋಗಿ
ಮನೆ ಹೆಂಚು ಎಣಿಸ್ಕೊಂಡು ಬಂದಂಗಾಯ್ತು."

ಅಂದಿನಿಂದ ಸೇತುವೆ ಬಂದರೆ
ಸಾಬರ ಕಾಲು ತಾನಾಗಿ ಬ್ರೇಕಿಗೆ.
ಅರ್ಧ ನಿಮಿಷ. ಫುಟ್‌ಬೋರ್ಡಿನಿಂದ ನಾನು ಬಗ್ಗಿ ನೋಡುತ್ತೇನೆ.
ಮೊದಲ ವಾರ, "ಏನ್ರೀ, ಪಂಕ್ಚರಾ?" ಅಂದರು.
ಎರಡನೇ ವಾರ ಗುಟ್ಟು ರಟ್ಟು.
ಮೂರನೆಯದಕ್ಕೆ ಬಸ್ಸಿಗೆ ಬಸ್ಸೇ ಎಡಗಿಟಕಿಗೆ.
ಯೋಗೇಂದ್ರಪ್ಪ ಮೇಷ್ಟ್ರು: ಅದು ಆನೆ ಮುಳುಗೋ ಗುಂಡಿ, ಹುಷಾರು.
ಹಾಲಿನ ಕ್ಯಾನಿನ ಹುಡುಗಿ: ಇಲ್ಲಪ್ಪ, ಮೊಣಕಾಲುದ್ದ,
ನಮ್ಮೆಮ್ಮೆ ದಿನಾ ನಿಲ್ಲತ್ತೆ.
ತೀರ್ಥಹಳ್ಳಿ ಕಡೆಯ ಅಜ್ಜಿಯೊಬ್ಬಳು ತೋಳು ಹಿಡಿದು:
ಎಲ್ಲಾದರೂ ಹೋಗು ಮಗಾ, ಚಿಪ್ಪಲಗುಡ್ಡೆಗೆ ಮಾತ್ರ ಬೇಡ,
ಅಲ್ಲಿಯವು ದೇವರ ಮೀನು.
ಬರೆದೇ ಇರದಿದ್ದ ಹೆಸರನ್ನು ಬರೆದು
ಅದರ ಮೇಲೆ ಗೆರೆ ಎಳೆದೆ.

ಮಿಲಿಟರಿ ಮುಗಿಸಿ ಬಂದ ಪ್ಲೇಸಿಡ್ ಹೇಳಿದ್ದು:
"ಕುಲ್ಲು ಕಡೆ ಟ್ರೌಟ್ ಅಂತ ಮೀನು.
ಮೈಮೇಲೆ ಚುಕ್ಕಿ. ಕೈ ಮರಗಟ್ಟೋ ನೀರು.
ಹರಿವಿಗೆ ಎದುರಾಗಿ ನಿಂತಲ್ಲೇ ನಿಂತಿರತ್ತೆ,
ನಿಮ್ಮ ಹಾಗೆ, ಕಂಡಕ್ಟರ್ರೇ,
ಬರೋದೆಲ್ಲ ಅದರ ಪಕ್ಕ ಹಾದು ಹೋಗ್ತಿರತ್ತೆ."
ಇಲ್ಲಿ ಅದಿಲ್ಲ ಅಂತ ನನಗೂ ಗೊತ್ತು, ಅವನಿಗೂ.
ಆದರೂ ಪಟ್ಟಿಯ ಕೊನೆಗೆ ಬರೆದೆ: ಟ್ರೌಟ್.
ಪಕ್ಕದಲ್ಲಿ, ಸುಮ್ಮನೆ, ಒಂದು ಪ್ರಶ್ನೆ ಚಿಹ್ನೆ.

ಆ ಮಂಗಳವಾರ ಬಂತು. ಸಾಬರಿಗೆ ರಜೆ ಸಿಗಲಿಲ್ಲ.
ಎರಡೂ ಗಳ ನನ್ನ ಹೆಗಲಿಗೆ,
ಕಾಲ ಬುಡದಲ್ಲಿ ಎರೆಹುಳದ ಕರಟ,
ಜೀವಮಾನದಲ್ಲಿ ಮೊದಲ ಸಲ ಕಿಟಕಿ ಸೀಟು.
ಬದಲಿಗೆ ಬಂದ ಹುಡುಗ ನಿಯಮದವನು.
"ಎಲ್ಲಿಗೆ?"
"ಹರಿದ್ರಾವತಿ ಸೇತುವೆ."
"ಸೇತುವೆಗೆ ಸ್ಟೇಜಿಲ್ಲಣ್ಣ. ಮುಂದಿನೂರಿನ ಟಿಕೆಟ್ ತಗೋಬೇಕು."
ಎಷ್ಟು ಜನಕ್ಕೆ ಹೇಳಿದ್ದೇನೋ ಈ ಮಾತು,
ಎಂಟು ರೂಪಾಯಿ ಹೆಚ್ಚಿಗೆ ಇಸಿದುಕೊಂಡು.
ಕೊಟ್ಟೆ.

ಸಾಬರು ನಿಲ್ಲಿಸಿದರು, ಅರ್ಧವಲ್ಲ, ಪೂರ್ತಿ ನಿಮಿಷ.
ಕೆಳಗಿಳಿದು, ಅಭ್ಯಾಸಬಲ,
ನಾನೇ ಬಸ್ಸಿನ ಬೆನ್ನಿಗೆ ಎರಡು ಸಲ ತಟ್ಟಿದೆ. ರೈಟ್.
ಅದು ತಿರುವಿನಲ್ಲಿ ವಾಲಿ ಮರೆಯಾಯಿತು.
ಸದ್ದು ಪೂರ್ತಿ ಅಡಗಿದ ಮೇಲೆ
ಶೀಟು ಬಿಡಿಸಿ ಹಿಂದೆ ಮುಂದೆ ನೋಡಿದೆ:
ಗುಂಡಿ, ಎಮ್ಮೆ, ಅತ್ತಿಮರ, ಉಪ್ಪಿನಕಾಯಿ.
ನೀರಿಗಿಳಿಯುವ ದಾರಿ ಯಾವ ಕಡೆ ಅಂತ
ಯಾರನ್ನೂ ಕೇಳಿರಲಿಲ್ಲ.